ತಿಪ್ಪಕ್ಕ ಉಳಿಸಿಕೊಂಡ ಒಂದು ಅರ್ಥ

‘ಪುಲ್’ ಅನ್ನೋ ಇಂಗ್ಲಿಷ್ ಪದಕ್ಕೆ ಉಮಾಪತಿ ಸರ್‌ಗೆ ಹದಿನೇಳು ಅರ್ಥ ಗೊತ್ತಿತ್ತು...

ಬೆಂಕಿ ಹತ್ತಿದ ದಿನ ಒಂದೂ ನೆನಪಿಗೆ ಬರಲಿಲ್ಲ.

ಚಳ್ಳಕೆರೆ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಅವರು ಇಂಗ್ಲಿಷ್ ಲೆಕ್ಚರರ್. ಸ್ಟಾಫ್ ರೂಮಿನ ಹಿಂದೆ ಟೀ ಕಾಯಿಸೋಕೆ ಗೂಡಿನಂಥ ಕೋಣೆ. ಬಾಗಿಲು ಒಂದೇ... ಅದರ ಪಕ್ಕದಲ್ಲೇ ಗ್ಯಾಸ್ ಒಲೆ.

ಒಳಗಿನ ಗೋಡೆಗೆ ಬೆಂಕಿ ಆರಿಸೋ ಕೆಂಪು ಸಿಲಿಂಡರ್ ನೇತುಹಾಕಿದ್ದರು. ಅಟೆಂಡರ್ ತಿಪ್ಪಕ್ಕ ಅದನ್ನು ದಿನಾ ಒರೆಸುತ್ತಿದ್ದಳು. ಒಮ್ಮೆ ಉಮಾಪತಿ ಸರ್‌ನ ಕೇಳಿದಳು, “ಈ ಉಂಗುರದ ಪಕ್ಕ ನಾಲ್ಕಕ್ಷರ ಏನ್ ಬರ್ದೈತೆ ಸಾ?”

“ಪುಲ್. ಅಂದ್ರೆ ಎಳಿ ಅಂತ.”

ಅಷ್ಟಕ್ಕೆ ಬಿಡಬಹುದಿತ್ತು... ಬಿಡಲಿಲ್ಲ. ಸುತ್ತ ಕೇಳುವವರಿದ್ದರು ನೋಡಿ.

ಹಲ್ಲು ಕಿತ್ತರೂ ಪುಲ್, ಕಾಲೆಳೆದರೂ ಪುಲ್, ರೈಲು ಸ್ಟೇಷನ್ನಿಗೆ ಬಂದರೂ ಪುಲ್, ಸಾಯೋ ರೋಗಿ ಬದುಕಿಕೊಂಡರೂ ಪುಲ್... ಹೀಗೆ ತಿಪ್ಪಕ್ಕನಿಗೆ ಪೂರ್ತಿ ಒಂದು ಪೀರಿಯಡ್ಡೇ ತೆಗೆದುಕೊಂಡರು. ಸ್ಟಾಫ್ ರೂಮು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ತಿಪ್ಪಕ್ಕ ನಗಲಿಲ್ಲ. “ಉಳಿದ ಹದಿನಾರು ನಿಮ್ಗೇ ಇರ್ಲಿ ಸಾ, ನಂಗೆ ಮೊದಲನೇದೊಂದು ಸಾಕು” ಅಂದು ಒರೆಸೋ ಬಟ್ಟೆ ಹಿಂಡಿದಳು.

ಮೂರು ತಿಂಗಳು ಕಳೆಯಿತು. ಅವತ್ತು ತಿಪ್ಪಕ್ಕ ಬೆಲ್ ಹೊಡೆಯಲು ಹೋಗಿದ್ದಳು, ಟೀ ಇಡಲು ಸರ್ ತಾವೇ ಹೋದರು. ಒಲೆ ಹಚ್ಚಿ, ನೀರು ಹಿಡಿಯಲು ಒಳಗಿನ ನಲ್ಲಿಗೆ ತಿರುಗಿದ್ದರಷ್ಟೆ...

ಬೆನ್ನ ಹಿಂದೆ ಬುಸ್ಸೆಂದು ಸದ್ದು. ಗ್ಯಾಸಿನ ಪೈಪಿಗೇ ಬೆಂಕಿ. ಬಾಗಿಲಿಗೆ ಅಡ್ಡ ಆಳೆತ್ತರದ ಉರಿ.

ಸರ್ ಕೆಂಪು ಸಿಲಿಂಡರ್ ಎತ್ತಿಕೊಂಡು ಹಿಡಿ ಒತ್ತಿದರು... ಅಲುಗಲಿಲ್ಲ. ಎರಡೂ ಕೈಯಲ್ಲಿ ಒತ್ತಿದರು. ಇಲ್ಲ.

ನಾಲ್ಕಕ್ಷರ ಕಣ್ಣೆದುರೇ ಇತ್ತು. ಓದಿದರು ಕೂಡ... ಅಕ್ಷರ ಬರೀ ಅಕ್ಷರವಾಗಿಯೇ ಉಳಿಯಿತು.

ಹುಬ್ಬಿನ ಕೂದಲು ಸುಟ್ಟ ವಾಸನೆ. ಬೆನ್ನಿಗೆ ಗೋಡೆ ತಾಗಿತು, ಇನ್ನು ಹಿಂದೆ ಸರಿಯಲು ಜಾಗವಿಲ್ಲ. ಕೂಗೋಣವೆಂದು ಬಾಯಿ ತೆರೆದರೆ ಕನ್ನಡವೂ ಬರಲಿಲ್ಲ.

ಉರಿಯ ಆಚೆಯಿಂದ, ಬೆಲ್ ಹೊಡೆದು ಬಂದ ತಿಪ್ಪಕ್ಕನ ದನಿ ಕೇಳಿಸಿತು.

“ಎಳೀರಿ ಸಾ... ಉಂಗುರ ಎಳೀರಿ. ಅದೇ ಅಲ್ವಾ ಬರ್ದಿರೋದು.”

ಎಳೆದರು. ಹಿಡಿಯನ್ನು ತಡೆದಿದ್ದ ಪಿನ್ನು ಉಂಗುರದ ಸಮೇತ ಕೈಗೆ ಬಂತು. ಈ ಸಲ ಹಿಡಿ ಒತ್ತಿದ್ದೇ ತಡ, ಬಿಳಿ ಪುಡಿ ನುಗ್ಗಿ ಉರಿಯನ್ನು ನುಂಗಿತು. ತಿಪ್ಪಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಬಂದು ರೆಗ್ಯುಲೇಟರ್ ಆಫ್ ಮಾಡಿದಳು.

ಸರ್ ವರಾಂಡಕ್ಕೆ ಬಂದು ಕೂತರು. ಮೂರು ತಿಂಗಳ ಹಿಂದಿನ ಮಾತು ಹೇಗೆ ನೆನಪಿತ್ತು ತಿಪ್ಪಕ್ಕ ಅಂತ ಕೇಳಿದರು.

“ನೀವೇ ಹೇಳ್ಕೊಟ್ಟಿದ್ದಲ್ವಾ ಸಾ. ಅಷ್ಟೊತ್ತು ನಿಂತ್ಕಂಡು ನಂಗೆ ಯಾರೂ ಪಾಠ ಮಾಡಿರ್ಲಿಲ್ಲ... ದಿನಾ ಒರೆಸುವಾಗ ಒಂದ್ಸಲ ಹೇಳ್ಕೋತಿದ್ದೆ.”

ಅದು ನಗಿಸೋಕೆ ಹೇಳಿದ್ದು ಅನ್ನಬೇಕೆಂದುಕೊಂಡರು ಸರ್... ಅಷ್ಟರಲ್ಲೇ ಬಿಳಿ ಪುಡಿ ಹತ್ತಿದ ಕೆನ್ನೆಯ ಮೇಲೆ ಎರಡು ಒದ್ದೆ ಗೆರೆ ಇಳಿದವು.

*ನಾವು ನಗೆಯಾಡುತ್ತಾ ಚೆಲ್ಲಿದ ಮಾತನ್ನೂ ಯಾರೋ ಪಾಠವೆಂದು ಎತ್ತಿಟ್ಟುಕೊಂಡಿರುತ್ತಾರೆ.*

ಕೊನೆಯ ಸಲ ಯಾರಾದರೂ ನಿಮ್ಮನ್ನು ಏನಾದರೂ ಕೇಳಿದಾಗ... ನೀವು ಉತ್ತರ ಹೇಳಿದ್ದು ಕೇಳಿದವರಿಗೋ, ಪಕ್ಕದಲ್ಲಿ ನಗುವವರಿಗೋ?