ಸುಮ್ಮನಿದ್ದವರಿಗೆ ಒಂದು ಚೂರು ರೊಟ್ಟಿ

ನಾಯಿ ಕಥೆ ಅಂತ ಸ್ಕ್ರೋಲ್ ಮಾಡಿಬಿಡಬೇಡಿ… ಎರಡು ನಿಮಿಷ ತಾಳಿ.

ಗದಗಿನ ಒಂದು ಓಣಿಯಲ್ಲಿ ಮಹಾನಂದಾ ಎಂಬ ಹೆಣ್ಣುಮಗಳ ಟೇಲರಿಂಗ್ ಅಂಗಡಿ. ಮೂಲೆಯಲ್ಲಿ ಅವಳ ಅತ್ತೆ ಗಂಗವ್ವ ದಿನವಿಡೀ ಬ್ಲೌಸಿಗೆ ಹುಕ್ ಹಚ್ಚುತ್ತಾ ಕೂರುತ್ತಾರೆ. ಕಟಿಂಗ್ ಟೇಬಲ್ಲಿನ ಕಾಲಿಗೆ ಕಟ್ಟಿದ ನಾಯಿ ಗುಂಡ್ಯಾ.

ಇನ್ನೂ ಕಣ್ಣು ಬಿಡದ ಮರಿಯನ್ನು ಯಾರೋ ಅಂಗಡಿ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ಮಹಾನಂದಾ ಹತ್ತಿಯಲ್ಲಿ ಹಾಲು ಅದ್ದಿ ಕುಡಿಸಿ ಬದುಕಿಸಿದ್ದಳು. ಮಕ್ಕಳಿಲ್ಲದ ಅವಳಿಗೆ ಅವನೇ ಮಗ.

ಆದರೆ ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು… ಹಗ್ಗ ಹರಿಯುವ ಹಾಗೆ ಬೊಗಳುತ್ತಿದ್ದ.

ಒಂದು ಸೋಮವಾರ ಕಾಲೇಜು ಹುಡುಗಿಯೊಬ್ಬಳ ಮೇಲೆ ಎಗರಿದ. ಹುಡುಗಿ ಹೆದರಿ ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ತರಚಿಕೊಂಡಳು.

ಸುದ್ದಿ ಕೇಳಿ, ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಬಂದರು.

"ರವಿವಾರ ಮತ್ತ ಬರ್ತೀನಿ. ಅವತ್ತೂ ಹಿಂಗ ಮಾಡಿದ್ರ ಆ ನಾಯಿನ್ನ ಊರ ಹೊರಗ ಬಿಟ್ಟು ಬರಬೇಕು. ಇಲ್ಲಾಂದ್ರ ಅಂಗಡಿ ಖಾಲಿ ಮಾಡು."

ಅವರು ಹೋದಮೇಲೆ ಮಹಾನಂದಾ ಮೊದಲ ಸಲ ಗುಂಡ್ಯಾನಿಗೆ ಹೊಡೆದಳು… ಮರದ ಫೂಟುಪಟ್ಟಿಯಿಂದ. ಅವನು ಟೇಬಲ್ ಕೆಳಗೆ ಮುದುಡಿ ನಡುಗಿದ. ಪಟ್ಟಿ ಬಿಸಾಕಿ ಗೊಳೋ ಅಂತ ಅತ್ತಳು ಪಾಪ.

ಮರುದಿನ ಅತ್ತೆ ಸೊಸೆ ಇಬ್ಬರೂ ಅವನನ್ನು ಪಶು ಆಸ್ಪತ್ರೆಗೆ ಕರೆದೊಯ್ದರು.

"ಬೊಗಳಿದಾಗ ಏನ್ ಮಾಡ್ತೀರಿ?" ಡಾಕ್ಟರಮ್ಮ ಕೇಳಿದರು.

"ಕೈಯಾಗ ಬಟ್ಟಿ, ಕಾಲಾಗ ಮಷೀನು… ಏಳಾಕ ಆಗಂಗಿಲ್ರೀ. ಕುಂತಲ್ಲಿಂದನ ಒಂದ ಚೂರು ರೊಟ್ಟಿ ಒಗೀತೀನಿ."

"ಮತ್ತ ಸುಮ್ಕ ಮಲಗಿದಾಗ?"

"ಸುಮ್ಕ ಇದ್ದಾಗ ಯಾಕ್ರೀ ಕೊಡೂದು?"

"ಅಲ್ಲೇ ತಪ್ಪಿದ್ದು ನೋಡವ್ವಾ… ಬೊಗಳಿದ್ರ ರೊಟ್ಟಿ ಸಿಗ್ತದ ಅಂತ ನೀವ ಕಲಿಸೀರಿ. ಇನ್ನ ಮ್ಯಾಲೆ ಸುಮ್ಕ ಇದ್ದಾಗ ಕೊಡ್ರಿ, 'ಶಾಣ್ಯಾ' ಅಂತ ಹೊಗಳ್ರಿ. ಮುಂಜಾನೆ ಮೂಸಕೋತ ಅಡ್ಡಾಡಾಕ ಬಿಡ್ರಿ. ದಿನಾ ಕಟ್ಟಿ ಹಾಕಿದ್ರ ಅದಕ್ಕೂ ತಲಿ ಕೆಡ್ತದ, ಮೂಗಿಗೆ ಏನರ ಕೆಲಸಾ ಹಚ್ಚ್ರಿ. ಸುಮ್ಕ ಇದ್ದವರಿಗೂ ಏನರ ಬೇಕಾಗಿರ್ತದ."

ಅಂದು ಸಂಜೆ ಗಂಗವ್ವ ಒಂದು ಹಳೇ ಗೋಣಿಚೀಲಕ್ಕೆ ಬಟ್ಟೆ ಚಿಂದಿಗಳನ್ನು ಒತ್ತೊತ್ತಾಗಿ ಗಂಟು ಹಾಕಿ ಚಾಪೆ ಮಾಡಿದರು. ಚಿಂದಿಗಳ ನಡುವೆ ರೊಟ್ಟಿ ಚೂರು ಬಚ್ಚಿಟ್ಟರು. ಗುಂಡ್ಯಾ ಅರ್ಧ ತಾಸು ಮೂಸಿ ಮೂಸಿ ಹುಡುಕಿ ತಿಂದು, ಅದರ ಮೇಲೆಯೇ ಮಲಗಿದ.

ಆದರೆ ಬುಧವಾರ…

ಬೊಗಳಿದರೂ ರೊಟ್ಟಿ ಬರಲಿಲ್ಲ ಅಂತ ಎರಡು ಪಟ್ಟು ಬೊಗಳಿದ. ಇಬ್ಬರು ಗಿರಾಕಿಗಳು ಲಗ್ನದ ಬಟ್ಟೆ ವಾಪಸ್ ಇಸಿದುಕೊಂಡು ಹೋದರು. ಮಹಾನಂದಾಳ ಕೈ ರೊಟ್ಟಿ ಡಬ್ಬಿಗೆ ಹೋಯಿತು. ಗಂಗವ್ವ ಬೇಡವೆಂದು ತಲೆ ಅಲ್ಲಾಡಿಸಿದರು. ಅವಳು ತುಟಿ ಕಚ್ಚಿ ಮಷೀನ್ ತುಳಿದಳು.

ಶುಕ್ರವಾರ ಎರಡೇ ಸಲ ಬೊಗಳಿ ಅವಳ ಮುಖ ನೋಡಿದ. ಸುಮ್ಮನಾದ ಕೂಡಲೇ ರೊಟ್ಟಿ ಸಿಕ್ಕಿತು.

ರವಿವಾರ ಮಾಲೀಕರು ಮೆಟ್ಟಿಲು ಹತ್ತಿದರು. ಗುಂಡ್ಯಾ ಎದ್ದು ನಿಂತು ಗುರ್ ಅಂದ. ಮಹಾನಂದಾಳ ಕಾಲು ಮಷೀನ್ ಮೇಲೆಯೇ ನಿಂತುಹೋಯಿತು.

ಅವನು ಅವಳನ್ನೊಮ್ಮೆ ನೋಡಿದ… ಚಿಂದಿಯ ಚಾಪೆಯ ಮೇಲೆ ಮಲಗಿದ.

"ಶಾಣ್ಯಾ… ನನ್ನ ಶಾಣ್ಯಾ ಮಗಾ!" ಅವಳು ಡಬ್ಬಿಯಿಂದ ರೊಟ್ಟಿ ಚೂರು ತೆಗೆದು ಒಗೆದಳು.

"ಇನ್ನೊಂದು ತಿಂಗಳ ನೋಡ್ತೀನಿ," ಎಂದು ಮಾಲೀಕರು ಹೊರಟರು.

ಆಗ ಮೂಲೆಯಿಂದ ಗಂಗವ್ವ ತಲೆ ಎತ್ತದೆ ಅಂದರು…

"ಸುಮ್ಕ ಇದ್ದವರಿಗೂ ಏನರ ಬೇಕಾಗಿರ್ತದ ಅಂತ ಆ ಡಾಕ್ಟರಬಾಯಿ ಅಂದಾಗ ನನಗ ಅಳು ಬಂದಿತ್ತ ನೋಡ, ಮಹಾನಂದಾ. ಹತ್ತ ವರ್ಷ ಆತು, ನಾನೂ ಇಲ್ಲೇ ಸುಮ್ಕ ಕುಂತೀನಿ."

ಆರು ದಿನದಲ್ಲಿ ಮಹಾನಂದಾ ನಾಯಿಗೆ ನೂರು ಸಲ 'ಶಾಣ್ಯಾ' ಅಂದಿದ್ದಳು. ಈ ಮುದುಕಿಗೆ ಒಮ್ಮೆಯೂ ಇಲ್ಲ.

ಲಗ್ನದ ಸೀಜನ್ನಿನ ನಡು ಮಧ್ಯಾಹ್ನ ಅವಳು ಮಷೀನ್ ಬಿಟ್ಟು ಎದ್ದಳು. ಅತ್ತೆಯ ಕೈಯಿಂದ ಸೂಜಿ ತೆಗೆದಿಟ್ಟು ಪಕ್ಕದಲ್ಲಿ ಕೂತಳು.

"ಅತ್ತೀ… ಊಟಾ ಮಾಡೀರೇನ್ರೀ?"

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಇಲ್ಲವೆಂದು ತಲೆಯಾಡಿಸಿದರು.

*

ಗದ್ದಲ ಮಾಡಿದವರಿಗೆಲ್ಲ ಓಡಿ ಹೋಗಿ ಕೊಡುತ್ತೇವೆ, ಸುಮ್ಮನಿದ್ದವರನ್ನು ಮರೆತೇಬಿಡುತ್ತೇವೆ.

ನಿಮ್ಮ ಮನೆಯ ಮೂಲೆಯಲ್ಲಿ ಸುಮ್ಮನೆ ಕೂತವರು ಯಾರು… ಅವರನ್ನು ನೀವಾಗಿಯೇ ಮಾತಾಡಿಸಿ ಎಷ್ಟು ದಿನವಾಯಿತು?