ಗುರುವಾರದ ಶಿಷ್ಯ

“ಚಿಲಕ ಹಾಕ್ರಿ! ಚಂದ್ರಕಾಂತನ ಅಣ್ಣ ಬಂದಾನ!”

ಕಿಟಕಿಯ ಬಳಿಯಿದ್ದ ಸುವರ್ಣಾ ಕೂಗಿದೊಡನೆ ಹಾಡು ಅರ್ಧಕ್ಕೆ ನಿಂತಿತು. ರೇಣುಕವ್ವ ಓಡಿಹೋಗಿ ಬಾಗಿಲು ಭದ್ರ ಮಾಡಿದಳು.

ಸೊಲ್ಲಾಪುರ ರಸ್ತೆಯ ಹಿಂದಿನ ಓಣಿಯಲ್ಲಿ ರೇಣುಕವ್ವನ ಪಡಸಾಲೆಯೇ ಆ ಸಣ್ಣ ಸಭೆಗೆ ಚರ್ಚು. ಭಾನುವಾರ ಬೆಳಿಗ್ಗೆ ಚಾಪೆ ಹಾಸಿದರೆ ಪ್ರಾರ್ಥನೆ, ಸುತ್ತಿಟ್ಟರೆ ಮನೆ. ಇವತ್ತು ಚಂದ್ರಕಾಂತನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಅವನನ್ನು ಸುವಾರ್ತೆಯ ಸೇವೆಗೆಂದು ಕನಮಡಿ ಹಳ್ಳಿಗೆ ಕಳುಹಿಸುವ ದಿನ.

“ಟಂಟಂ ಗಾಡಿ ತಂದಾನ್ರಿ. ಎತ್ತಿ ಹಾಕ್ಕೊಂಡು ಹೋಗಾಕ ಬಂದಾನ,” ಎಂದಳು ಸುವರ್ಣಾ.

ರೇಣುಕವ್ವ ಚಂದ್ರಕಾಂತನ ರಟ್ಟೆ ಹಿಡಿದು ಅಡುಗೆಮನೆಗೆ ನೂಕಿದಳು. ಆಮೇಲೆ ತಿರುಗಿ ಯಲಗೂರಪ್ಪನನ್ನು ನೋಡಿದಳು. ಸಭೆಯ ಹಿರಿಯ ಅವನು. ಎಲ್ಲರಿಗೂ ಬೈಬಲ್ ವಾಕ್ಯ ಕಲಿಸಿದವನು. ಗೋಡೆಗೆ ಒರಗಿ ಕೂತಿದ್ದ ಅವನ ಮುಖದಲ್ಲಿ ಗಾಬರಿಯೇ ಇರಲಿಲ್ಲ.

ಅವಳ ಅನುಮಾನ ಗಟ್ಟಿಯಾಯಿತು.

ಚಂದ್ರಕಾಂತ ಬಿಜ್ಜರಗಿಯಿಂದ ಬಂದು ವರ್ಷವಾಗಿತ್ತು. ಯೇಸುವನ್ನು ನಂಬಿದ್ದಕ್ಕೆ ತಂದೆ ಊರವರೆದುರು “ಇನ್ನ ನಿನ್ನ ಮಾರಿ ತೋರಸಬ್ಯಾಡ” ಎಂದದ್ದನ್ನೂ, ಅಣ್ಣ ಬಸಗೊಂಡಪ್ಪ ಅವನ ಬಟ್ಟೆಗಳನ್ನು ಬೀದಿಗೆ ಎಸೆದದ್ದನ್ನೂ ಅವನು ಸಾಕ್ಷಿ ಹೇಳಿದಾಗ ಸಭೆ ಅತ್ತಿತ್ತು. ಹುಡುಗ ಚುರುಕು. ಒಳ್ಳೆಯ ಕಂಠ. ಮಾತಿಗೆ ನಿಂತರೆ ಜನ ಅಲುಗಾಡುತ್ತಿರಲಿಲ್ಲ. ಅವನನ್ನು ಸೇವೆಗೆ ಕಳಿಸೋಣವೆಂದು ಎಲ್ಲರೂ ಅಂದರು. ಯಲಗೂರಪ್ಪ ಮಾತ್ರ ಎರಡು ಸಲ ಮುಂದಕ್ಕೆ ಹಾಕಿದ್ದ.

“ಒಮ್ಮೆ ಊರಿಗೆ ಹೋಗಿ ಬಾರಪಾ,” ಎಂದಿದ್ದ ಆಗ. “ನಿಮ್ಮಪ್ಪ ಹೆಂಗ ಅದಾನೋ ಏನೋ.”

“ಒಮ್ಮೆ ಬಿಟ್ಟು ಬಂದಮ್ಯಾಗ ತಿರುಗಿ ನೋಡೂದಿಲ್ರಿ ಅಣ್ಣಾರ. ಈಗ ನನಗ ದೇವರೇ ಅಪ್ಪ.”

ಎಲ್ಲರೂ ಆಮೆನ್ ಎಂದಿದ್ದರು. ಯಲಗೂರಪ್ಪ ಅನ್ನಲಿಲ್ಲ. ರೇಣುಕವ್ವ ಅದನ್ನು ಗಮನಿಸಿದ್ದಳು.

ಆಮೇಲೆ ಗುರುವಾರಗಳ ಸಂಗತಿ. ಯಲಗೂರಪ್ಪನ ವೆಲ್ಡಿಂಗ್ ಅಂಗಡಿ ಗುರುವಾರ ಮುಚ್ಚಿರುತ್ತಿತ್ತು. ಎಲ್ಲಿಗೆಂದು ಕೇಳಿದರೆ, “ಸ್ವಲ್ಪ ಕೆಲಸ ಇತ್ತವ್ವ,” ಅಷ್ಟೇ. ಹೋದ ತಿಂಗಳು ಸುವರ್ಣಾ ತಿಕೋಟಾ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡಳು. ದಪ್ಪ ಮೀಸೆಯ, ಹಣೆಯ ಮೇಲೆ ಗಾಯದ ಗುರುತಿದ್ದ ಒಬ್ಬನ ಬೈಕ್ ಹತ್ತಿ ಹೋಗುತ್ತಿದ್ದ. ಅವಳು ಬಂದು ಚಹರೆ ಹೇಳಿದಾಗ ಚಂದ್ರಕಾಂತನ ಮುಖ ಬಿಳಿಚಿತು.

“ಅಂವ ನಮ್ಮಣ್ಣ.”

ಶಿಷ್ಯ ತನ್ನನ್ನು ಮೀರಿ ಬೆಳೆಯುವುದು ಗುರುವಿಗೆ ಸಹಿಸಲಾಗಲಿಲ್ಲ. ರೇಣುಕವ್ವ ಅಂದೇ ಹಾಗೆ ತೀರ್ಮಾನಿಸಿದ್ದಳು.

ಬಾಗಿಲು ಬಡಿದ ಸದ್ದಾಯಿತು. ಮತ್ತೊಮ್ಮೆ, ಇನ್ನೂ ಜೋರಾಗಿ.

“ಕರದವರು ನೀವ ಅಲ್ಲೇನ್ರಿ?” ರೇಣುಕವ್ವ ಹಲ್ಲು ಕಚ್ಚಿ ಕೇಳಿದಳು. “ತಿಕೋಟಾದಾಗ ಅವನ ಗಾಡಿ ಹತ್ತಿದ್ದು ಗೊತ್ತೈತಿ ನಮಗ. ಹೇಳ್ರಿ ಈಗ!”

“ಇವತ್ತ ನಾ ಕರದಿಲ್ಲವ್ವ. ಖರೇನ,” ಎಂದ ಯಲಗೂರಪ್ಪ. ಸೊಂಟಕ್ಕೆ ಕೈ ಕೊಟ್ಟುಕೊಂಡು ಕಷ್ಟಪಟ್ಟು ಎದ್ದ. ಬುಧವಾರ ಅಂಗಡಿಯಲ್ಲಿ ಏಣಿಯಿಂದ ಬಿದ್ದಾಗಿನಿಂದ ಅವನಿಗೆ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. “ಬಾಗಲಾ ತಗೀರಿ.”

“ನಾ ತಗಿಯೂದಿಲ್ಲ.”

ಅವನೇ ಹೋಗಿ ತೆಗೆದ.

ಬಸಗೊಂಡಪ್ಪ ಹೊಸ್ತಿಲಲ್ಲಿ ನಿಂತ. ಕೆಂಪಾದ ಕಣ್ಣು, ಕ್ಷೌರ ಕಾಣದ ಗಲ್ಲ. ಹೆಂಗಸರು ಎದ್ದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

“ಹುಡುಗನ್ನ ಮುಟ್ಟಿದ್ರ ಚಲೋ ಆಗೂದಿಲ್ಲ,” ಎಂದಳು ರೇಣುಕವ್ವ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

“ಬಿಡ್ರಿ ಅವ್ವಾರ. ನಾ ಹೊರಗ ಬರ್ತೀನಿ.” ಚಂದ್ರಕಾಂತ ಹೆಂಗಸರನ್ನು ಸರಿಸಿಕೊಂಡು ಬಂದ. ಎದೆ ಮುಂದೆ ಮಾಡಿದ್ದ. “ಬಡೀತಿದ್ರ ಬಡಿ ಅಣ್ಣಾ. ನಾ ಬರೂದಿಲ್ಲ. ಮಾರಿ ತೋರಸಬ್ಯಾಡ ಅಂದಾವ ಅಪ್ಪನ. ಅವಗ ನಾ ಬ್ಯಾಡಾಗೇನಿ.”

ಬಸಗೊಂಡಪ್ಪ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೈಯಲಿಲ್ಲ. ಮುಂದೆ ಹೆಜ್ಜೆಯೂ ಇಡಲಿಲ್ಲ.

“ನಿನ್ನ ಕರಿಯಾಕ ಯಾರ ಬಂದಾರಲೇ?” ಎಂದ.

ಚಂದ್ರಕಾಂತ ಒಂದು ಹೆಜ್ಜೆ ಹಿಂದೆ ಸರಿದ.

ಬಸಗೊಂಡಪ್ಪ ಯಲಗೂರಪ್ಪನ ಕಡೆ ತಿರುಗಿದ. ದನಿ ಒಮ್ಮೆಲೇ ಇಳಿಯಿತು. “ತಪ್ಪು ತಿಳ್ಕೊಬ್ಯಾಡ್ರಿ ಯಜಮಾನ್ರ. ಸೊಂಟ ಹಿಡದೈತಿ, ಈ ವಾರ ಬರಾಕ ಆಗೂದಿಲ್ಲ ಅಂತ ಫೋನ್ ಮಾಡಿದ್ರಿ. ಬೈಕಿನ ಮ್ಯಾಲ ಕುಂಡ್ರಾಕ ಆಗೂದಿಲ್ಲ ಅಂತ ಟಂಟಂದಾಗ ಹಾಸಿಗಿ ಹಾಸ್ಕೊಂಡು ಬಂದೀನಿ. ಮಕ್ಕೊಂಡ ಬರ್ರಿ. ಸಂಜೀಕ ನಾನ ತಂದು ಬಿಡ್ತೀನಿ.”

“ಇವರ್ನ? ಇವರ್ನ ಯಾಕ?” ರೇಣುಕವ್ವ ಕೇಳಿದಳು.

ಯಲಗೂರಪ್ಪ ತಲೆ ತಗ್ಗಿಸಿದ. “ರಾಜಿ ಮಾಡ್ಸೂನು ಅಂತ ಒಮ್ಮೆ ಹೋಗಿದ್ದೆ ಅಷ್ಟ,” ಎಂದು ಗೊಣಗಿದ. “ಮುದುಕ ಹಾಸಿಗಿ ಹಿಡದಾನ. ಕೈ ಹಿಡಕೊಂಡ. ಬಿಡಿಸ್ಕೊಳ್ಳಾಕ ಆಗಲಿಲ್ಲ ನನಗ.”

“ಅಪ್ಪಗ ಏನಾಗೈತಿ?” ಚಂದ್ರಕಾಂತನ ದನಿ ಒಡೆದಿತ್ತು.

ಬಸಗೊಂಡಪ್ಪ ಯಲಗೂರಪ್ಪನಿಗೇ ಕೈ ಮುಗಿದ.

“ಕಣ್ಣು ಹೋಗ್ಯಾವ, ಕಿವೀನೂ ಮಂದ. ಖರೇ ಹೇಳಿದ್ರ ನಂಬೂದಿಲ್ಲ. ಗುರುವಾರದಿಂದ ತುತ್ತು ಮುಟ್ಟಿಲ್ರಿ, ಒಂದ ಸಮನ ಕೇಳಾಕತ್ತಾನ: ‘ವಾರಾ ವಾರಾ ಬಂದು ನನ್ನ ಮೈ ತೊಳ್ಯಾವ ನನ್ನ ಚಂದ್ರ, ಈ ವಾರ ಯಾಕ ಬರಲಿಲ್ಲ?’”