ಐಸಿಯುವಿನೊಳಗಿನ ಕಾವಲು

ಗಂಡನ ಬಾಯೊಳಗಿಂದ ಗಂಟಲಿಗೆ ಉಸಿರಾಟದ ಕೊಳವೆ ಹಾಕಿದಾಗಿನಿಂದ ಸಣ್ಣತಾಯಮ್ಮನಿಗೆ ಆ ಆಸ್ಪತ್ರೆಯಲ್ಲಿ ಯಾರನ್ನು ಕಂಡರೂ ಗುಮಾನಿ. ರಕ್ತ ತೆಗೆದರೆ ಮಾರಿಕೊಳ್ಳಲಿಕ್ಕೆ, ಪರದೆ ಎಳೆದರೆ ಏನೋ ಮುಚ್ಚಿಡಲಿಕ್ಕೆ.

ಆ ದಿನ ಡಾಕ್ಟರು ನಿದ್ದೆಯ ಔಷಧಿ ನಿಲ್ಲಿಸಿ, ಅವನು ಕಣ್ಣು ಬಿಟ್ಟ ಮೇಲೆ ಅವನ ಅಂಗೈಯಲ್ಲಿ ಬೆರಳಿಟ್ಟರು. “ಗಟ್ಟಿಯಾಗಿ ಹಿಡ್ಕೊಳ್ಳಿ ಯಜಮಾನ್ರೇ.” ಅವನು ಚಾವಣಿ ನೋಡುತ್ತಾ ಮಲಗಿದ್ದ. ಬೆರಳು ಮಡಚಲಿಲ್ಲ.

“ನೋಡಿಮ್ಮ, ಶ್ವಾಸಕೋಶದ ನಂಜಿನಿಂದ ಮೈಯಲ್ಲೆಲ್ಲ ಉರಿಯೂತ ಎದ್ದಿದೆ. ಮೆದುಳಿಗೂ ಪೆಟ್ಟು ಬಿದ್ದಿರಬೇಕು, ಹೇಳಿದ್ದು ತಿಳೀತಾ ಇಲ್ಲ. ಹೀಗೇ ಆದ್ರೆ ನಾಳೆ ಗಂಟಲಿಗೆ ತೂತು ಮಾಡಿ ಕೊಳವೆ ಇಡಬೇಕಾಗುತ್ತೆ.”

“ತೂತು ಮಾಡ್ತೀರಾ? ಆಂಬುಲೆನ್ಸಲ್ಲೂ ನನ್ ಜೊತೆ ಜಗಳ ಆಡ್ಕೊಂಡು ಬಂದ ಗಂಡಸು! ನೀವೇ ಏನೋ ಚುಚ್ಚಿ ಬುದ್ಧಿ ಕೆಡಿಸಿದ್ದೀರಿ.”

“ಇಷ್ಟೊಂದು ಅನುಮಾನ ಒಳ್ಳೇದಲ್ಲಮ್ಮ.”

“ಅನುಮಾನ ಪಡದೆ ಏನ್ಮಾಡ್ಲಿ? ಬಾಗಿಲಲ್ಲಿ ಬಿಟ್ಟ ಚಪ್ಪಲೀನೇ ಹೊಡ್ಕೊಂಡು ಹೋದ್ರಲ್ಲ ನಿಮ್ಮೋರು!”

ಹಾಗಂದವಳೇ ಗಂಡನ ಕಿವಿಗೆ ಬಾಯಿಟ್ಟು, “ರೀ, ಏಳ್ರೀ! ಕತ್ತು ಕುಯ್ತಾರಂತೆ!” ಎಂದು ಕಿರುಚಿದಳು. ಅಕ್ಕಪಕ್ಕದ ಮಂಚಗಳ ನರ್ಸುಗಳೆಲ್ಲ ಓಡಿಬಂದರು. ಅವನು ಮಾತ್ರ ಅಲುಗಲಿಲ್ಲ.

“ಯಾಕಮ್ಮ ಹಿಂಗೆ ಕೂಗ್ತೀರಿ?” ಡಾಕ್ಟರು ಗದರಿದರು.

“ಕೂಗ್ದೆ ಇನ್ನೇನು? ಕಿವಿ ಮಿಷನ್ ಇಲ್ದಿದ್ರೆ ಅವರಿಗೆ ಗುಡುಗೂ ಕೇಳ್ಸಲ್ಲ.”

ಡಾಕ್ಟರು ಬಗ್ಗಿ ಅವನ ಎರಡೂ ಕಿವಿ ನೋಡಿದರು. “ಮತ್ತೆ... ಆ ಮಿಷನ್ ಎಲ್ಲಿ?”

ಸಣ್ಣತಾಯಮ್ಮ ಸೊಂಟದ ಎಲೆಅಡಿಕೆ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

“ಇಂಥ ಕಳ್ಳರ ಮಧ್ಯೆ ಅದನ್ನ ಕಿವೀಲೇ ಬಿಡೋಕೆ ನಾನೇನು ದಡ್ಡೀನಾ?”